ವಾಯುಪಡೆಯ ಬೆನ್ನಿಗಿದ್ದ ಭಾನುವಾರದ ಸೈನಿಕರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

 

ಕಾರ್ಯದರ್ಶಿಗಳು ಫೋನ್ ಮಾಡಿದಾಗ, "ಮೇಷ್ಟ್ರೇ, ಅಂಕ, ಪರೀಕ್ಷೆ, ನೌಕರಿ ಇವುಗಳ ಬಗ್ಗೆ ಪ್ರತಿ ವರ್ಷ ಯಾರಾದರೂ ಮಾತಾಡುತ್ತಾರೆ. ಈ ಸಲ ನೀವು ಬೇರೆ ಏನಾದರೂ ಹೇಳಿ" ಎಂದರು. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಅದರ ಜೊತೆಗೆ ಹಲವು ವರ್ಷ ಕಾಲೇಜಿನ ಎನ್‌ಸಿಸಿ ಏರ್‌ವಿಂಗ್ ನೋಡಿಕೊಂಡವನು. ವಾರವೆಲ್ಲಾ ಕೈಯಲ್ಲಿ ಚಾಕ್‌ಪೀಸು, ಭಾನುವಾರ ಬೆಳಿಗ್ಗೆ ತಲೆಯ ಮೇಲೆ ಟೋಪಿ. ಹೀಗಾಗಿ ನಾನೇ ಅರ್ಧ ಮೇಷ್ಟ್ರು, ಅರ್ಧ ಸಿಪಾಯಿ. ಒಂದು ದಿನ ಪರೇಡು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಸಾರ್, ರಿಸರ್ವ್ ಪಡೆ ಅಂದರೆ ಕ್ರಿಕೆಟ್‌ನಲ್ಲಿ ಹನ್ನೆರಡನೇ ಆಟಗಾರ ಇದ್ದ ಹಾಗೆ ಅಲ್ವಾ? ನೀರು ತಂದುಕೊಡುವವನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ದಿನ ಅದಕ್ಕೆ ಸಾವಧಾನವಾಗಿ ಉತ್ತರ ಹೇಳುವ ಪ್ರಯತ್ನ ಮಾಡುತ್ತೇನೆ.

ಉತ್ತರ ಹುಡುಕಲು ನಾವು ಬ್ರಿಟನ್ನಿಗೆ ಹೋಗಬೇಕು. ಏಕೆಂದರೆ ಸ್ವಯಂಸೇವಕರನ್ನು ನೆಚ್ಚಿಕೊಂಡು ಒಂದು ವಾಯುಪಡೆ ನಿಜವಾಗಿ ಬದುಕಿದ್ದು ಅಲ್ಲಿ. ನಮ್ಮ ದೇಶದ ವಾಯುಪಡೆಯ ಮೀಸಲು ವ್ಯವಸ್ಥೆಯೂ ಅಲ್ಲಿನ ಮಾದರಿಯಲ್ಲೇ ಹುಟ್ಟಿತು.

ರಾಯಲ್ ಏರ್ ಫೋರ್ಸ್ ಸ್ಥಾಪನೆಯಾದದ್ದು 1918ರ ಏಪ್ರಿಲ್ 1ರಂದು. ಮೊದಲ ಮಹಾಯುದ್ಧ ಮುಗಿದೊಡನೆ ಸರ್ಕಾರದ ಬಳಿ ಹಣವಿಲ್ಲ, ಜನರಿಗೆ ಯುದ್ಧದ ಹೆಸರೇ ಬೇಡ. ಅಂಥ ಹೊತ್ತಿನಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದ ಹ್ಯೂ ಟ್ರೆಂಚರ್ಡ್ ಅವರ ಯೋಚನೆ ಸರಳವಾಗಿತ್ತು. ಖಾಯಂ ಪಡೆ ಚಿಕ್ಕದಾಗಿರಲಿ, ಆದರೆ ಊರೂರಿನಲ್ಲಿ ಬೇರೆ ಕಸುಬು ಮಾಡುತ್ತಾ ಬಿಡುವಿನಲ್ಲಿ ಹಾರಾಟ ಕಲಿತ ನಾಗರಿಕರ ಪಡೆಯೊಂದು ಹಿಂದೆ ಇರಲಿ. 1924ರಲ್ಲಿ ಇದಕ್ಕಾಗಿ ಕಾಯ್ದೆ ಬಂತು. 1925ರಲ್ಲಿ ಸಹಾಯಕ ವಾಯುಪಡೆಯ, ಅಂದರೆ ಆಕ್ಸಿಲಿಯರಿ ಏರ್ ಫೋರ್ಸಿನ, ಮೊದಲ ಸ್ಕ್ವಾಡ್ರನ್‌ಗಳು ಶುರುವಾದವು. ಗ್ಲಾಸ್ಗೋ ನಗರಕ್ಕೆ 602, ಎಡಿನ್‌ಬರೋಗೆ 603, ಲಂಡನ್ನಿಗೆ 600 ಮತ್ತು 601. ನಮ್ಮಲ್ಲಿ ಊರಿಗೊಂದು ಕಬಡ್ಡಿ ತಂಡ ಇರುವ ಹಾಗೆ ಅಲ್ಲಿ ಊರಿಗೊಂದು ವಿಮಾನ ಪಡೆ.

ಇದು ಯಾರ ಪಡೆಯಾಗಿತ್ತು ಎಂಬುದನ್ನು ಗಮನಿಸಿ. ಹಾರಾಟ ಆಗ ದುಬಾರಿ ಶೋಕಿ. ಲಂಡನ್ನಿನ 601ನೇ ಸ್ಕ್ವಾಡ್ರನ್ನನ್ನು ಜನ "ಲಕ್ಷಾಧೀಶರ ಸ್ಕ್ವಾಡ್ರನ್" ಎಂದೇ ಕರೆಯುತ್ತಿದ್ದರು. ಶ್ರೀಮಂತರ ಮಕ್ಕಳು, ಭೂಮಾಲೀಕರು, ಪಾರ್ಲಿಮೆಂಟ್ ಸದಸ್ಯರು. ಇವರನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾ ಬಳಿಯಿಂದ ಎರಡು ವಿಮಾನಗಳು ಹೊರಟು ಚರಿತ್ರೆಯಲ್ಲಿ ಮೊದಲ ಬಾರಿಗೆ ಎವರೆಸ್ಟ್ ಶಿಖರದ ಮೇಲೆ ಹಾರಿದವು. ಆ ಇಬ್ಬರು ಪೈಲಟ್‌ಗಳಾದ ಲಾರ್ಡ್ ಕ್ಲೈಡ್ಸ್‌ಡೇಲ್ ಮತ್ತು ಡೇವಿಡ್ ಮೆಕಿಂಟೈರ್ ಇಬ್ಬರೂ ಗ್ಲಾಸ್ಗೋದ ಈ 602ನೇ ಪಡೆಯವರು. ಅಂದರೆ ಜಗತ್ತಿನ ಅತ್ಯುನ್ನತ ಶಿಖರವನ್ನು ಮೊದಲು ಮೇಲಿನಿಂದ ನೋಡಿದ ಪೈಲಟ್‌ಗಳು ಖಾಯಂ ಸೈನಿಕರಲ್ಲ, ಬಿಡುವಿನ ಸೈನಿಕರು. ಆದರೂ ಒಂದು ಮಾತು ನಿಜ. ಈ ಬಾಗಿಲು ಸಾಮಾನ್ಯರ ಮನೆಯ ಹುಡುಗನಿಗೆ ತೆರೆದಿರಲಿಲ್ಲ.

ಆ ಬಾಗಿಲು ತೆರೆದದ್ದು 1936ರ ಜುಲೈನಲ್ಲಿ. ಜರ್ಮನಿ ಮತ್ತೆ ಶಸ್ತ್ರಸಜ್ಜಿತವಾಗುತ್ತಿತ್ತು. ಕಾರ್ಖಾನೆಗಳಿಗೆ ಹೇಳಿ ವಿಮಾನಗಳನ್ನು ಬೇಗ ಮಾಡಿಸಬಹುದು, ಪೈಲಟ್‌ನನ್ನು ಹಾಗೆ ಮಾಡಿಸಲು ಬರುವುದಿಲ್ಲ. ಆಗ ಹುಟ್ಟಿದ್ದು ರಾಯಲ್ ಏರ್ ಫೋರ್ಸ್ ವಾಲಂಟಿಯರ್ ರಿಸರ್ವ್, ಸ್ವಯಂಸೇವಾ ಮೀಸಲು ಪಡೆ. 18ರಿಂದ 25 ವಯಸ್ಸಿನ ಯುವಕರು ಸೇರಬಹುದು. ಇದು ಕುಲ, ಆಸ್ತಿ, ಪರಿಚಯ ಕೇಳಲಿಲ್ಲ. ಕೇಳಿದ್ದು ಎರಡೇ: ಶಾಲೆಯ ಓದು ಮತ್ತು ಸಂಜೆಯ ಸಮಯ.

ಅದು ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸಂಘ-ಸಂಸ್ಥೆ ನಡೆಸುವ ನಿಮಗೆ ಇದರಲ್ಲಿ ಆಸಕ್ತಿ ಹುಟ್ಟಬಹುದು. ಪ್ರತಿ ದೊಡ್ಡ ಊರಿನಲ್ಲಿ ಒಂದು ತರಬೇತಿ ಕೇಂದ್ರ. ಬ್ಯಾಂಕಿನ ಗುಮಾಸ್ತ, ಅಂಗಡಿಯ ಹುಡುಗ, ಶಾಲಾ ಮಾಸ್ತರ ತಮ್ಮ ಕೆಲಸ ಮುಗಿಸಿ ಸಂಜೆ ಅಲ್ಲಿಗೆ ಬರುತ್ತಿದ್ದರು. ದಿಕ್ಕು ಲೆಕ್ಕಹಾಕುವುದು, ಮೋರ್ಸ್ ಸಂಕೇತ, ಇಂಜಿನ್ ಶಾಸ್ತ್ರ ಇವುಗಳ ಪಾಠ. ಶನಿವಾರ-ಭಾನುವಾರ ಊರ ಹೊರಗಿನ ವಿಮಾನ ಮೈದಾನಕ್ಕೆ ಹೋಗಿ ಟೈಗರ್ ಮಾತ್ ಎಂಬ ಎರಡು ರೆಕ್ಕೆಪದರದ ಸಣ್ಣ ವಿಮಾನದಲ್ಲಿ ಅಭ್ಯಾಸ. ಕಲಿಸುತ್ತಿದ್ದದ್ದು ನಾಗರಿಕ ಫ್ಲೈಯಿಂಗ್ ಸ್ಕೂಲ್‌ಗಳು. ವರ್ಷಕ್ಕೊಮ್ಮೆ ಎರಡು ವಾರದ ಶಿಬಿರ. ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯಿತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದಾಗ ಈ ಮೀಸಲು ಪಡೆಯಲ್ಲಿ 6,646 ಪೈಲಟ್‌ಗಳು, 1,625 ಅಬ್ಸರ್ವರ್‌ಗಳು, 1,946 ವೈರ್‌ಲೆಸ್ ಆಪರೇಟರ್‌ಗಳು ಇದ್ದರು. ಈ ಅಂಕಿಗಳನ್ನು ಬರೆದುಕೊಳ್ಳಿ. ಮೂರು ವರ್ಷದ ಸಂಜೆ ತರಗತಿಗಳ ಫಲಿತಾಂಶ ಇದು.

ಇವರು ಸೇರಿದಾಗ ಸಿಕ್ಕಿದ್ದು ಸಾರ್ಜೆಂಟ್ ದರ್ಜೆ. ಅಧಿಕಾರಿಯೂ ಅದೇ ವಿಮಾನ ಹಾರಿಸುತ್ತಾನೆ, ಸಾರ್ಜೆಂಟನೂ ಅದೇ ವಿಮಾನ ಹಾರಿಸುತ್ತಾನೆ, ಗುಂಡು ಇಬ್ಬರಿಗೂ ಒಂದೇ ರೀತಿ ತಗಲುತ್ತದೆ. ಇಳಿದ ಮೇಲೆ ಮಾತ್ರ ಊಟದ ಮನೆ ಬೇರೆ, ಸಂಬಳ ಬೇರೆ. ಸ್ವಯಂಸೇವಕ ಅಧಿಕಾರಿಗಳ ಕಾಲರಿಗೆ "ವಿ.ಆರ್." ಎಂಬ ಎರಡಕ್ಷರದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಹಳೆಯ ಅಧಿಕಾರಿಗಳಲ್ಲಿ ಕೆಲವರು ಅದನ್ನು ನೋಡಿ ಮೂಗು ಮುರಿಯುತ್ತಿದ್ದರು. ಯುದ್ಧದ ನಡುವೆ, ಇದು ಒಡಕು ಹುಟ್ಟಿಸುತ್ತದೆ ಎಂದು ಆ ಬಿಲ್ಲೆಯನ್ನೇ ತೆಗೆಸಿದರು. ಎಷ್ಟೇ ಆಗಲಿ, ಆ ವೇಳೆಗೆ ಹಾರುತ್ತಿದ್ದವರಲ್ಲಿ ಬಹುಪಾಲು ಅವರೇ ಆಗಿದ್ದರು.

ಉದಾಹರಣೆಗೆ ಯಾರ್ಕ್‌ಶೈರಿನ ಜೇಮ್ಸ್ ಲೇಸಿ. ಶಾಲೆ ಬಿಟ್ಟು ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತ ಹುಡುಗ. 1937ರಲ್ಲಿ ಮೀಸಲು ಪಡೆಗೆ ಸೇರಿದ. 1940ರ ಜುಲೈನಿಂದ ಅಕ್ಟೋಬರ್‌ವರೆಗೆ ಇಂಗ್ಲೆಂಡಿನ ಆಕಾಶದಲ್ಲಿ ನಡೆದ, "ಬ್ಯಾಟಲ್ ಆಫ್ ಬ್ರಿಟನ್" ಎಂದು ಹೆಸರಾದ ಕಾಳಗದಲ್ಲಿ ಈ ಸಾರ್ಜೆಂಟ್ ಲೇಸಿ 501ನೇ ಸ್ಕ್ವಾಡ್ರನ್ನಿನಲ್ಲಿದ್ದ. ಅದೂ ಸಹಾಯಕ ವಾಯುಪಡೆಯದೇ. ಆ ನಾಲ್ಕು ತಿಂಗಳಲ್ಲಿ ಅತಿ ಹೆಚ್ಚು ಶತ್ರು ವಿಮಾನಗಳನ್ನು ಉರುಳಿಸಿದವರ ಸಾಲಿನಲ್ಲಿ ಅವನ ಹೆಸರಿದೆ. ಅವನು ಅಧಿಕಾರಿಯಾದದ್ದು 1941ರಲ್ಲಿ, ಕಾಳಗವೆಲ್ಲಾ ಮುಗಿದ ಮೇಲೆ! ಆ ಕಾಳಗದಲ್ಲಿ ಬ್ರಿಟನ್ ಪರವಾಗಿ ಸುಮಾರು 2,900 ಮಂದಿ ಹಾರಿದರು, 544 ಮಂದಿ ಸತ್ತರು. ಅದಕ್ಕೂ ಮೊದಲು, 1939ರ ಅಕ್ಟೋಬರ್ 16ರಂದು, ಬ್ರಿಟನ್ ಮೇಲೆ ದಾಳಿಗೆ ಬಂದ ಜರ್ಮನ್ ವಿಮಾನಗಳನ್ನು ಮೊದಲು ಉರುಳಿಸಿದ್ದು ಸ್ಕಾಟ್ಲೆಂಡಿನ ಆ 602 ಮತ್ತು 603ನೇ ಸ್ಕ್ವಾಡ್ರನ್‌ಗಳು. ಹನ್ನೆರಡನೇ ಆಟಗಾರ ಇಲ್ಲಿ ಮೊದಲ ಓವರನ್ನೇ ಎಸೆದಿದ್ದ.

ಎಲ್ಲರೂ ಹಾರಲಿಲ್ಲ. ಇದು ನನಗೆ ಬಹಳ ಇಷ್ಟವಾದ ಭಾಗ. ಆಗಿನ ರೇಡಾರ್ ಸಮುದ್ರದ ಕಡೆಗೆ ಮುಖ ಮಾಡಿತ್ತು. ಶತ್ರು ವಿಮಾನ ಕರಾವಳಿ ದಾಟಿ ಒಳಗೆ ಬಂದರೆ ರೇಡಾರ್ ಕುರುಡು. ಒಳನಾಡಿನಲ್ಲಿ ಅವುಗಳನ್ನು ನೋಡಿ, ಎಣಿಸಿ, ಎಷ್ಟು ಎತ್ತರ, ಯಾವ ದಿಕ್ಕು ಎಂದು ಫೋನಿನಲ್ಲಿ ತಿಳಿಸುತ್ತಿದ್ದದ್ದು ಅಬ್ಸರ್ವರ್ ಕೋರ್ ಎಂಬ ನಾಗರಿಕರ ದಳ. 1925ರಲ್ಲಿ ಸ್ಥಾಪನೆಯಾದದ್ದು. ರೈತರು, ಅಂಚೆಯವರು, ಅಂಗಡಿಯವರು, ಉಪಾಧ್ಯಾಯರು. ಗುಡ್ಡದ ಮೇಲೋ ಹೊಲದ ಅಂಚಿನಲ್ಲೋ ಮರಳಿನ ಮೂಟೆ ಪೇರಿಸಿದ ಒಂದು ಗೂಡು, ಅದರೊಳಗೆ ವೃತ್ತಾಕಾರದ ನಕ್ಷೆಯ ಮೇಲೆ ಕೂರಿಸಿದ ಅಳತೆಯ ಉಪಕರಣ, ಒಂದು ಟೆಲಿಫೋನು, ಒಂದು ಬೈನಾಕ್ಯುಲರ್, ಚಹಾದ ಕೆಟಲ್. ಇಂಥ ಸಾವಿರಕ್ಕೂ ಹೆಚ್ಚು ಠಾಣೆಗಳು, ಸುಮಾರು 30 ಸಾವಿರ ಜನ. ಮಳೆ, ಹಿಮ ಎನ್ನದೆ ಪಾಳಿಯ ಮೇಲೆ ಕಾವಲು. ಮೋಡ ಕವಿದ ದಿನ ಕಣ್ಣಿಗೆ ಕಾಣದಿದ್ದರೆ ಇಂಜಿನ್ನಿನ ಸದ್ದು ಕೇಳಿಯೇ ಅಂದಾಜು. 1941ರಲ್ಲಿ ರಾಜನು ಈ ದಳಕ್ಕೆ "ರಾಯಲ್" ಎಂಬ ಬಿರುದು ಕೊಟ್ಟ. 1944ರಲ್ಲಿ ನಾರ್ಮಂಡಿ ದಂಡಯಾತ್ರೆಯ ಹೊತ್ತಿಗೆ ಇವರಲ್ಲಿ ಸುಮಾರು 800 ಮಂದಿಯನ್ನು ಹಡಗುಗಳ ಮೇಲೆ ಕಳಿಸಿದರು. ಏಕೆ ಗೊತ್ತೇ? ಹಡಗಿನ ಗೋಲಂದಾಜರು ಗಾಬರಿಯಲ್ಲಿ ತಮ್ಮದೇ ವಿಮಾನಗಳಿಗೆ ಗುಂಡು ಹಾರಿಸಿಬಿಡುತ್ತಿದ್ದರು. ವಿಮಾನದ ಆಕಾರ ನೋಡಿ "ಇದು ನಮ್ಮದು, ಬಿಡಿ" ಎನ್ನಲು ಒಬ್ಬ ಅಂಚೆಯವನು ಬೇಕಾಯಿತು.

ಹೆಣ್ಣುಮಕ್ಕಳ ಸಹಾಯಕ ವಾಯುಪಡೆ 1939ರ ಜೂನ್ ತಿಂಗಳಲ್ಲಿ ಆರಂಭವಾಯಿತು. ರೇಡಾರ್ ಪರದೆ ನೋಡುವವರು, ನಕ್ಷೆಯ ಮೇಜಿನ ಮೇಲೆ ವಿಮಾನಗಳ ಚಲನೆ ಗುರುತಿಸುವವರು, ವೈರ್‌ಲೆಸ್ ಆಪರೇಟರ್‌ಗಳು, ಮೆಕ್ಯಾನಿಕ್‌ಗಳು. 1943ರ ವೇಳೆಗೆ ಅವರ ಸಂಖ್ಯೆ 1 ಲಕ್ಷ 80 ಸಾವಿರ ದಾಟಿತ್ತು. ವಿದ್ಯಾರ್ಥಿನಿಯರು ಈಗ ಸ್ವಲ್ಪ ಕಿವಿಗೊಟ್ಟು ಕೇಳಿ. 1940ರ ನವೆಂಬರಿನಲ್ಲಿ ಈ ಪಡೆಗೆ ಅತ್ಯಂತ ಕೆಳಗಿನ ದರ್ಜೆಯಲ್ಲಿ ಸೇರಿದವಳೊಬ್ಬಳ ಹೆಸರು ನೂರ್ ಇನಾಯತ್ ಖಾನ್. ತಂದೆ ಬರೋಡದಲ್ಲಿ ಹುಟ್ಟಿದ ಸಂಗೀತಗಾರ, ಸೂಫಿ ಗುರು ಹಜರತ್ ಇನಾಯತ್ ಖಾನ್. ತಾಯಿ ಅಮೆರಿಕದವರು. ತಂದೆಯ ತಾತ ಮೌಲಾ ಬಕ್ಷ್ ನಮ್ಮ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಸಂಗೀತ ವಿದ್ವಾಂಸರು. ಅವರ ಪತ್ನಿ ಟಿಪ್ಪು ಸುಲ್ತಾನರ ವಂಶದವರೆಂದು ಆ ಕುಟುಂಬದ ಪರಂಪರೆ ಹೇಳುತ್ತದೆ. ನೂರ್ ಪ್ಯಾರಿಸ್ಸಿನಲ್ಲಿ ಬೆಳೆದವಳು, ಮಕ್ಕಳ ಮನಶ್ಶಾಸ್ತ್ರ ಓದಿದವಳು, ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದವಳು. ಅಂಥ ಮೆತ್ತಗಿನ ಸ್ವಭಾವದ ಹುಡುಗಿ ಮೋರ್ಸ್ ಸಂಕೇತ ಕಲಿತಳು. ಅಧಿಕಾರಿ ಹುದ್ದೆಯ ಸಂದರ್ಶನದಲ್ಲಿ ಭಾರತದ ಸ್ವಾತಂತ್ರ್ಯದ ಪ್ರಸ್ತಾಪ ಬಂದಾಗ, ಯುದ್ಧ ಮುಗಿದ ಮೇಲೆ ತಾನು ಭಾರತದ ಪರವಾಗಿಯೇ ನಿಲ್ಲುತ್ತೇನೆ ಎಂಬ ಅರ್ಥದಲ್ಲಿ ನೇರವಾಗಿ ಹೇಳಿದಳೆಂದು ಅವಳ ಜೀವನಚರಿತ್ರೆಯಲ್ಲಿದೆ. ಸಮವಸ್ತ್ರ ತೊಟ್ಟವರ ಎದುರು, ಯುದ್ಧದ ನಡುವೆ! 1943ರ ಜೂನ್‌ನಲ್ಲಿ ಅವಳನ್ನು ರಾತ್ರಿ ವಿಮಾನದಲ್ಲಿ ಫ್ರಾನ್ಸಿನಲ್ಲಿ ಇಳಿಸಿದರು. ಶತ್ರುವಶದಲ್ಲಿದ್ದ ಆ ದೇಶಕ್ಕೆ ಕಳಿಸಲಾದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳು. ಜೊತೆಯವರೆಲ್ಲಾ ಒಬ್ಬೊಬ್ಬರಾಗಿ ಸೆರೆಸಿಕ್ಕರು. ವಾಪಸು ಬಾ ಎಂದರೂ ಅವಳು ಒಪ್ಪಲಿಲ್ಲ, ಒಂಟಿಯಾಗಿ ಸಂದೇಶ ಕಳಿಸುತ್ತಲೇ ಇದ್ದಳು. ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಅವಳನ್ನು ಗುಂಡಿಟ್ಟು ಕೊಂದರು. ಮೂವತ್ತು ವರ್ಷ. 1949ರಲ್ಲಿ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಬಂತು, 2012ರಲ್ಲಿ ಲಂಡನ್ನಿನ ಗಾರ್ಡನ್ ಚೌಕದಲ್ಲಿ ಪ್ರತಿಮೆ ನಿಂತಿತು.

ಇಲ್ಲಿ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ನಮ್ಮನ್ನು ಆಳುತ್ತಿದ್ದವರ ಪಡೆಗೆ ನಮ್ಮವರು ಸ್ವಇಚ್ಛೆಯಿಂದ ಸೇರಿದ್ದು ಸರಿಯೇ? 1942ರಲ್ಲಿ ನಮ್ಮ ಊರೂರುಗಳಲ್ಲಿ ಚಲೇಜಾವ್ ಚಳವಳಿಗೆ ಹುಡುಗರು ಕಾಲೇಜು ಬಿಟ್ಟು ಜೈಲಿಗೆ ಹೋಗುತ್ತಿದ್ದಾಗ ಬೇರೆ ಹುಡುಗರು ಅದೇ ಸರ್ಕಾರದ ಸಮವಸ್ತ್ರ ತೊಡುತ್ತಿದ್ದರು. ಎರಡೂ ಕಡೆ ಪ್ರಾಮಾಣಿಕರಿದ್ದರು. ನಾನು ಪಾಠ ಮಾಡುವಾಗ ಒಂದು ಕಡೆಯನ್ನು ಮಾತ್ರ ಹೇಳಿದ್ದಿಲ್ಲ, ಈಗಲೂ ಹೇಳಲಾರೆ.

ನಮ್ಮ ವಾಯುಪಡೆ ಸ್ಥಾಪನೆಯಾದದ್ದು 1932ರ ಅಕ್ಟೋಬರ್ 8ರಂದು. 1933ರ ಏಪ್ರಿಲ್ 1ರಂದು, ಎವರೆಸ್ಟ್ ಹಾರಾಟಕ್ಕೆ ಎರಡೇ ದಿನ ಮೊದಲು, ಕರಾಚಿಯಲ್ಲಿ ಅದರ ಮೊದಲ ತುಕಡಿ ನಾಲ್ಕು ವಾಪಿತಿ ವಿಮಾನಗಳೊಂದಿಗೆ ಆರಂಭವಾಯಿತು. ಯುದ್ಧ ಬಂದಾಗ ಇಷ್ಟು ಚಿಕ್ಕ ಪಡೆ ಉದ್ದನೆಯ ಕರಾವಳಿಯನ್ನು ಕಾಯುವುದು ಹೇಗೆ? ಆಗ ಹುಟ್ಟಿದ್ದು ಭಾರತೀಯ ವಾಯುಪಡೆಯ ಸ್ವಯಂಸೇವಾ ಮೀಸಲು ಪಡೆ. ಕರಾಚಿ, ಮುಂಬಯಿ, ಕೊಚ್ಚಿ, ಮದ್ರಾಸ್, ಕಲ್ಕತ್ತಗಳಲ್ಲಿ, ನಂತರ ವಿಶಾಖಪಟ್ಟಣದಲ್ಲಿ, ಕರಾವಳಿ ರಕ್ಷಣಾ ತುಕಡಿಗಳು. ಹಾರಿಸುತ್ತಿದ್ದವರು ವಿಮಾನ ಕಂಪನಿಗಳ ಪೈಲಟ್‌ಗಳು, ಫ್ಲೈಯಿಂಗ್ ಕ್ಲಬ್ಬಿನ ಸದಸ್ಯರು. ವಿಮಾನಗಳು ಹಳೆಯವು. ಅವುಗಳಲ್ಲೇ ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಹಡಗುಗಳಿಗೆ ಕಾವಲಾದರು.

ಫ್ಲೈಯಿಂಗ್ ಕ್ಲಬ್ ಎಂದಾಗ ಒಂದು ಹಳೆಯ ಕಥೆ ನೆನಪಾಗುತ್ತದೆ, ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರಿದ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನ ಕೊಡುವುದಾಗಿ ಆಗಾ ಖಾನ್ ಘೋಷಿಸಿದ್ದರು. 1930ರಲ್ಲಿ ಮೂವರು ಹೊರಟರು: ಮನಮೋಹನ್ ಸಿಂಗ್, ಹದಿನೇಳು ವರ್ಷದ ಆಸ್ಪಿ ಇಂಜಿನಿಯರ್ ಮತ್ತು ಜೆ.ಆರ್.ಡಿ. ಟಾಟಾ. ಈಜಿಪ್ಟಿನಲ್ಲಿ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಹಾಕಿಕೊಂಡಿದ್ದ. ಎದುರು ದಿಕ್ಕಿನಿಂದ ಬಂದಿಳಿದ ಟಾಟಾ ತಮ್ಮ ಬಳಿಯಿದ್ದ ಪ್ಲಗ್‌ಗಳನ್ನು ಪ್ರತಿಸ್ಪರ್ಧಿಗೇ ಕೊಟ್ಟರು. ಬಹುಮಾನ ಆಸ್ಪಿಗೆ ಹೋಯಿತು! ಆ ಆಸ್ಪಿ ಮುಂದೆ 1960ರಿಂದ 1964ರವರೆಗೆ ನಮ್ಮ ವಾಯುಪಡೆಯ ಮುಖ್ಯಸ್ಥರಾದರು. ಮೂವರಲ್ಲಿ ಮೊದಲು ಗುರಿ ಮುಟ್ಟಿದ್ದ ಮನಮೋಹನ್ ಸಿಂಗ್‌ಗೆ ಅವಧಿ ಮೀರಿತೆಂದು ಬಹುಮಾನ ತಪ್ಪಿತ್ತು. ಯುದ್ಧ ಬಂದಾಗ ಅವರು ಭಾರತೀಯ ಸ್ವಯಂಸೇವಾ ಮೀಸಲು ಪಡೆಗೆ ಸೇರಿ, ನೀರಿನ ಮೇಲೆ ಇಳಿಯುವ ದೊಡ್ಡ ಕೆಟಲಿನಾ ವಿಮಾನಗಳ ಪೈಲಟ್ ಆದರು. 1942ರ ಮಾರ್ಚ್ 3ರಂದು ಆಸ್ಟ್ರೇಲಿಯಾದ ಬ್ರೂಮ್ ಬಂದರಿನಲ್ಲಿ ಜಪಾನೀ ದಾಳಿಗೆ ಬಲಿಯಾದರು. ಅವರ ಹೆಸರನ್ನು ಈ ಸಭೆಯಲ್ಲಿ ಎಷ್ಟು ಜನ ಕೇಳಿದ್ದೀರಿ? ನಾನೂ ನಿವೃತ್ತಿಯ ನಂತರವೇ ಕೇಳಿದ್ದು.

1940ರಲ್ಲಿ 24 ಭಾರತೀಯ ಪೈಲಟ್‌ಗಳು ಬ್ರಿಟನ್ನಿಗೆ ಹೊರಟರು. ಅವರಲ್ಲೊಬ್ಬರು ಮಹಿಂದರ್ ಸಿಂಗ್ ಪುಜ್ಜಿ. ತೈಲ ಕಂಪನಿಯಲ್ಲಿ ನೌಕರಿ, ಹಾರಾಟ ಹವ್ಯಾಸ. ಇಂಗ್ಲೆಂಡಿನಲ್ಲಿ ಪಗಡಿ ಕಟ್ಟಿಯೇ ಹರಿಕೇನ್ ಯುದ್ಧವಿಮಾನ ಹಾರಿಸಿದರು. ನಂತರ ಬರ್ಮಾ ರಣರಂಗದಲ್ಲಿ ಡಿ.ಎಫ್.ಸಿ. ಪದಕ ಪಡೆದರು. 2010ರಲ್ಲಿ ತೀರಿಕೊಂಡರು.

ಹೀಗೆ ಹೇಳುತ್ತಾ ಹೋದರೆ ಎಲ್ಲವೂ ವೀರಗಾಥೆಯಂತೆ ಕೇಳಿಸುತ್ತದೆ. ಹಾಗೆ ಕೇಳಿಸಬಾರದು. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ 55,573 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಈ ಸ್ವಯಂಸೇವಾ ಮೀಸಲಿನ ಹೆಸರಿನಲ್ಲೇ ದಾಖಲಾದ ಇಪ್ಪತ್ತರ ಆಸುಪಾಸಿನ ಹುಡುಗರು. ಅವರು ಹಾಕಿದ ಬಾಂಬುಗಳಿಂದ ಹ್ಯಾಂಬರ್ಗ್, ಡ್ರೆಸ್ಡೆನ್ ಮುಂತಾದ ಊರುಗಳಲ್ಲಿ ಹೆಂಗಸರು ಮಕ್ಕಳು ಸೇರಿ ಲಕ್ಷಾಂತರ ಸಾಮಾನ್ಯರು ಸತ್ತರು. ಇಂಥ ದಾಳಿಗಳಲ್ಲಿ ಹಾರಿದವರಲ್ಲೊಬ್ಬರು ಲಿಯೊನಾರ್ಡ್ ಚೆಷೈರ್. ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದಾಗಲೇ ವಿಶ್ವವಿದ್ಯಾಲಯದ ಹಾರಾಟ ದಳದಲ್ಲಿದ್ದು, ಮೀಸಲು ಪಡೆಯ ಮೂಲಕ ಬಂದವರು. ಬ್ರಿಟನ್ನಿನ ಅತ್ಯುನ್ನತ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಅಣುಬಾಂಬು ಬಿದ್ದುದನ್ನು ವಿಮಾನದಿಂದ ಕಣ್ಣಾರೆ ಕಂಡರು. ಸೇನೆ ಬಿಟ್ಟು, ಯಾರೂ ದಿಕ್ಕಿಲ್ಲದ ರೋಗಿಗಳನ್ನು, ಅಂಗವಿಕಲರನ್ನು ನೋಡಿಕೊಳ್ಳುವ ಮನೆಗಳನ್ನು ಕಟ್ಟಿದರು. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೋದವರು ಚೆಷೈರ್ ಹೋಮ್ ಎಂಬ ಬೋರ್ಡು ನೋಡಿರುತ್ತೀರಿ. ಅದು ಈ ಚೆಷೈರ್ ಅವರದೇ ಹೆಸರು.

ಮುಂದೇನಾಯಿತು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜೆಟ್ ವಿಮಾನಗಳು ಬಂದವು. ವಾರಕ್ಕೆರಡು ದಿನದ ಅಭ್ಯಾಸದಲ್ಲಿ ಅವುಗಳನ್ನು ಹಾರಿಸುವುದು ಕಷ್ಟ, ಖರ್ಚೂ ಹೆಚ್ಚು. 1957ರಲ್ಲಿ ಬ್ರಿಟನ್ ತನ್ನ ಸಹಾಯಕ ಹಾರಾಟ ಸ್ಕ್ವಾಡ್ರನ್‌ಗಳನ್ನೆಲ್ಲಾ ಮುಚ್ಚಿತು. ನಮ್ಮಲ್ಲಿ 1952ರಲ್ಲಿ ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯ್ದೆ ಬಂತು. ಸೇವೆಗೆ ಕರೆಬಂದು ಹೋದವನಿಗೆ ಮಾಲೀಕ ಮತ್ತೆ ಹಳೆಯ ಕೆಲಸ ಕೊಡಬೇಕೆಂಬ ವಿಧಿಯೂ ಅದರಲ್ಲಿದೆ. ಒಳ್ಳೆಯ ಮಾತು. ಸಹಾಯಕ ಸ್ಕ್ವಾಡ್ರನ್‌ಗಳೂ ಕೆಲವು ನಗರಗಳಲ್ಲಿ ನಡೆದವು, 1960ರ ದಶಕದಲ್ಲಿ ಖಾಯಂ ಪಡೆಯೊಳಗೆ ಸೇರಿಹೋದವು. ಬ್ರಿಟನ್ನಿನಲ್ಲಿ 1997ರಲ್ಲಿ ಸ್ವಯಂಸೇವಾ ಮೀಸಲು ಪಡೆ ಸಹಾಯಕ ಪಡೆಯೊಳಗೆ ವಿಲೀನವಾಯಿತು. ಅಲ್ಲಿ ಮೀಸಲು ಸೇವೆಯಲ್ಲಿರುವವರಲ್ಲಿ ಈಗ ವೈದ್ಯರು, ದಾದಿಯರು, ಕಂಪ್ಯೂಟರ್ ಬಲ್ಲವರೂ ಇದ್ದಾರೆ. ಹವಾಮಾನ ಇಲಾಖೆಯ ವಿಜ್ಞಾನಿಗಳದ್ದೇ ಒಂದು ತುಕಡಿ ಇದೆ. ಎಲ್ಲಾದರೂ ಪಡೆ ಹೊರಟರೆ ಅವರು ಸಮವಸ್ತ್ರ ತೊಟ್ಟು ಹೋಗಿ ಮೋಡ, ಗಾಳಿಯ ವರದಿ ಕೊಡುತ್ತಾರೆ.

ವಿದ್ಯಾರ್ಥಿಗಳೇ, ನಿಮ್ಮ ಪಾಲಿಗೆ ಇರುವ ಬಾಗಿಲು ಎನ್‌ಸಿಸಿ ಏರ್‌ವಿಂಗ್. 1950ರಿಂದ ಇದೆ. ಸೇರಿದವರು ಸೇನೆಗೆ ಹೋಗಲೇಬೇಕೆಂಬ ಕಟ್ಟುಪಾಡಿಲ್ಲ, ಈ ಭಯದಿಂದ ಅನೇಕ ತಾಯಂದಿರು ಬೇಡ ಎನ್ನುತ್ತಾರೆ, ಆದ್ದರಿಂದ ಸ್ಪಷ್ಟವಾಗಿ ಹೇಳುತ್ತಿದ್ದೇನೆ. ಹೋಗಬೇಕೆನ್ನುವವರಿಗೆ "ಸಿ" ಸರ್ಟಿಫಿಕೇಟ್ ಇದ್ದರೆ ವಾಯುಪಡೆಯ ಅಧಿಕಾರಿ ನೇಮಕಾತಿಯಲ್ಲಿ ವಿಶೇಷ ಪ್ರವೇಶವಿದೆ. ನಮ್ಮ ಹುಡುಗರು "ಅದೆಲ್ಲಾ ದೊಡ್ಡವರ ಮಕ್ಕಳಿಗೆ ಸಾರ್" ಎಂದು ಫಾರಂ ತುಂಬದೆ ಬಿಟ್ಟದ್ದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಫಾರಂನಲ್ಲಿ ತಂದೆಯ ಆಸ್ತಿ ಬರೆಯುವ ಜಾಗವೇ ಇಲ್ಲ.

ಮೊದಲು ಹೇಳಿದೆನಲ್ಲ, ಹನ್ನೆರಡನೇ ಆಟಗಾರನ ಪ್ರಶ್ನೆ ಕೇಳಿದ ಹುಡುಗ. ಅವನಿಗೆ ಈ ಕಥೆಗಳನ್ನು ಇನ್ನೊಂದು ಭಾನುವಾರ ಹೇಳಿದಾಗ ಅವನು ಮತ್ತೆ ಕೇಳಿದ: "ಆ ಔಷಧಿ ಅಂಗಡಿ ಹುಡುಗ ಕೊನೆಗೆ ಏನಾದ ಸಾರ್?" ಅವನು ಯುದ್ಧದ ಕೊನೆಯಲ್ಲಿ ಬರ್ಮಾ ರಂಗದಲ್ಲಿ ಒಂದು ಸ್ಕ್ವಾಡ್ರನ್ನಿನ ಮುಖ್ಯಸ್ಥನಾಗಿದ್ದ, ಬಳಿಕ ವಾಯುಪಡೆಯಲ್ಲೇ ಉಳಿದು 1967ರಲ್ಲಿ ನಿವೃತ್ತನಾದ. ಮತ್ತೆ ತನ್ನ ಯಾರ್ಕ್‌ಶೈರಿಗೇ ಹೋಗಿ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಹೊಸಬರಿಗೆ ಹಾರಾಟ ಕಲಿಸುತ್ತಿದ್ದ. 1989ರಲ್ಲಿ ತೀರಿಕೊಂಡ.